ಹುಟ್ಟುಗುಣವೋ, ಮಣ್ಣಿನ ಗುಣವೋ: ಹಿಪ್ಪುನೇರಳೆಯಲ್ಲಿ ಒಳ್ಳೆ ಗಿಡ ಆರಿಸುವ ಬಗೆ

ಬೀಜದಿಂದ ಎಬ್ಬಿಸಿದ ಇನ್ನೂರು ಹಿಪ್ಪುನೇರಳೆ ಸಸಿಗಳಲ್ಲಿ ನಾನು ಮೊದಲ ಸಲ ‘ಇದೇ ಗಿಡ’ ಅಂತ ಕೆಂಪು ದಾರ ಕಟ್ಟಿದ್ದು ಮೂಲೆಯ ಒಂದಕ್ಕೆ. ಅಂಗೈಗಿಂತ ದೊಡ್ಡ ಎಲೆ, ಕಡುಹಸಿರು ಬಣ್ಣ, ಎಣ್ಣೆ ಸವರಿದ ಹಾಗೆ ಹೊಳಪು. ಅದರ ಕಡ್ಡಿ ಕಡಿದು ಹೊಲದ ಇನ್ನೊಂದು ಕಡೆ ನೆಟ್ಟೆ. ಮುಂದಿನ ವರ್ಷ ನೋಡಿದರೆ ಪಕ್ಕದಲ್ಲಿದ್ದ ಕಣ್ವ-2 ಅನ್ನುವ ಹಳೇ ತಳಿಗಿಂತ ಬಡಕಲಾಗಿತ್ತು. ಆಮೇಲೆ ಹೊಳೆಯಿತು: ಆ ಮೂಲೆಯಿಂದ ನಾಲ್ಕು ಮಾರು ದೂರದಲ್ಲಿ ಹಳೇ ತಿಪ್ಪೆ ಇತ್ತು. ಗಿಡ ಅಂತ ತಿಳಿದು ನಾನು ಆರಿಸಿದ್ದು ಗೊಬ್ಬರವನ್ನು!

ತಳಿ ಆಯ್ಕೆಯ ಕಷ್ಟವೆಲ್ಲ ಇಷ್ಟೇ. ಕಣ್ಣಿಗೆ ಕಾಣುವುದರಲ್ಲಿ ಹುಟ್ಟುಗುಣ ಎಷ್ಟು, ಮಣ್ಣು ನೀರು ಗೊಬ್ಬರದ ಪಾಲು ಎಷ್ಟು ಅಂತ ಬಿಡಿಸಿ ನೋಡಬೇಕು. ಐದಾರು ಗುಂಟೆ ಜಾಗ, ಒಂದು ತಕ್ಕಡಿ, ಒಂದು ನೋಟ್‌ಬುಕ್ ಮತ್ತು ಜಾಸ್ತಿ ತಾಳ್ಮೆ ಇದ್ದರೆ ರೈತರೂ, ರೇಷ್ಮೆ ಕೃಷಿ ಓದುವ ಹುಡುಗರೂ ಇದನ್ನು ಮಾಡಬಹುದು.

ಬೀಜದ ಸಸಿ ಯಾಕೆ ಒಂದೊಂದು ಥರ

ನಾವು ತೋಟ ಮಾಡುವುದು ಕಡ್ಡಿ ನೆಟ್ಟು. ಕಡ್ಡಿಯಿಂದ ಬಂದ ಗಿಡ ತಾಯಿಗಿಡದ ತದ್ರೂಪು. ಹಾಗೆ ನೋಡಿದರೆ ರಾಮನಗರದಿಂದ ಕೋಲಾರದ ತನಕ ಇರುವ ವಿ-1 ತಳಿಯ ತೋಟಗಳೆಲ್ಲ ಸೇರಿ ಒಂದೇ ಗಿಡ. ಯಾವುದೋ ಕಾಲದಲ್ಲಿ ಆರಿಸಿದ ಒಂದು ಸಸಿಯ ತುಂಡುಗಳು, ಅಷ್ಟೇ. ಇದರಿಂದ ಅನುಕೂಲವೂ ಉಂಟು, ಅಪಾಯವೂ ಉಂಟು. ಆ ಒಂದು ಗಿಡಕ್ಕೆ ಹಿಡಿಸುವ ರೋಗ ಎಲ್ಲ ತೋಟಕ್ಕೂ ಹಿಡಿಸುತ್ತದೆ.

ಅದೇ ಒಂದು ಕಣ್ವ-2 ಗಿಡದ ಹಣ್ಣು ಹಿಸುಕಿ ಬೀಜ ಬಿತ್ತಿ ನೋಡಿ. ಒಂದು ಸಸಿಯ ಎಲೆ ಹಾಳೆಯಂತೆ ಅಗಲ, ಪಕ್ಕದ್ದರ ಎಲೆ ಸೀಳುಸೀಳು. ಒಂದು ನೆಟ್ಟಗೆ ಏಳುತ್ತದೆ, ಇನ್ನೊಂದು ನೆಲಕ್ಕೆ ವಾಲುತ್ತದೆ. ಎರಡು ಸಸಿ ಒಂದೇ ಥರ ಸಿಗುವುದಿಲ್ಲ. ಹಿಪ್ಪುನೇರಳೆಯಲ್ಲಿ ಸಾಮಾನ್ಯವಾಗಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಒಂದೇ ಗಿಡದಲ್ಲಿ ಎರಡೂ ಹೂ ಬರುವುದೂ ಉಂಟು. ಪರಾಗ ಹೊತ್ತೊಯ್ಯುವುದು ಗಾಳಿ. ಹೀಗೆ ತಲೆತಲಾಂತರದಿಂದ ಯಾರ್ಯಾರದೋ ಗುಣ ಬೆರೆತು ಬೆರೆತು, ಪ್ರತಿ ಗಿಡದ ಒಳಗೂ ಜೋಡಿ ಜೀನ್‌ಗಳು ಒಂದಕ್ಕೊಂದು ಹೊಂದದ ಹಾಗೆ ಕೂತಿರುತ್ತವೆ. ಬೀಜವಾಗುವಾಗ ಆ ಜೋಡಿ ಬಿಡಿಸಿಕೊಂಡು ಹೊಸದಾಗಿ ಕಲೆಸಿಕೊಳ್ಳುತ್ತದೆ. ಇಸ್ಪೀಟು ಎಲೆ ಕಲೆಸಿ ಹಂಚಿದ ಹಾಗೆ.

ಗಾಳಿ ಅಂದೆನಲ್ಲ, ಗಂಡು ಹೂ ಬರೀ ಗಾಳಿಯನ್ನು ನಂಬಿ ಕೂರುವುದಿಲ್ಲ. ಅದರ ಕೇಸರ ಸ್ಪ್ರಿಂಗ್‌ನಂತೆ ಮಡಚಿಕೊಂಡಿದ್ದು, ಒಮ್ಮೆಲೆ ಬಿಚ್ಚಿ ಪರಾಗವನ್ನು ಎಸೆಯುತ್ತದೆ. ಬಿಳಿ ಹಿಪ್ಪುನೇರಳೆಯಲ್ಲಿ ಇದಕ್ಕೆ ಹಿಡಿಯುವ ಹೊತ್ತು ಸುಮಾರು 25 ಮೈಕ್ರೋಸೆಕೆಂಡ್, ವೇಗ ಶಬ್ದದ ವೇಗದ ಅರ್ಧಕ್ಕಿಂತ ಜಾಸ್ತಿ ಅಂತ 2006ರಲ್ಲಿ ಅಮೆರಿಕದ ಸಂಶೋಧಕರು ಅಳೆದಿದ್ದಾರೆ. ಗಿಡಗಳ ಲೋಕದಲ್ಲಿ ಇಷ್ಟು ಚುರುಕಿನ ಚಲನೆ ಬಲು ಅಪರೂಪ. ನಮ್ಮ ಬದುವಿನ ಗಿಡದಲ್ಲೇ ನಡೆಯುತ್ತಿರುತ್ತದೆ, ನಮಗೆ ಗೊತ್ತೇ ಇರುವುದಿಲ್ಲ.

ಆಯ್ಕೆ ಮಾಡುವವರಿಗೆ ಇದರಲ್ಲಿ ದೊಡ್ಡ ಲಾಭವಿದೆ. ಭತ್ತ, ರಾಗಿಯಲ್ಲಿ ಒಳ್ಳೆ ಗಿಡ ಸಿಕ್ಕಿದರೂ ಬೀಜದಲ್ಲಿ ಗುಣ ನಿಲ್ಲಿಸಲು ಹಲವು ತಲೆಮಾರು ಬೆಳೆಸಬೇಕು. ಇಲ್ಲಿ ಹಾಗಿಲ್ಲ. ಒಂದು ಒಳ್ಳೆ ಸಸಿ ಸಿಕ್ಕಿತೋ, ಕಡ್ಡಿ ಕಡಿದು ನೆಟ್ಟರಾಯಿತು, ಗುಣ ಹಾಗೇ ನಿಲ್ಲುತ್ತದೆ. ಕಣ್ವ-2 ಬಂದಿದ್ದೇ ಹೀಗೆ. ನಾವು ನಾಟಿ ಕಡ್ಡಿ ಅನ್ನುವ ಮೈಸೂರು ಲೋಕಲ್ ಗಿಡಕ್ಕೆ ತಾನಾಗೇ ಪರಾಗ ಕೂಡಿ ಹುಟ್ಟಿದ ಸಸಿಗಳಲ್ಲಿ ಚೆನ್ನಾಗಿದ್ದನ್ನು ಚನ್ನಪಟ್ಟಣದ ಹತ್ತಿರದ ಕಣ್ವ ಫಾರಂನಲ್ಲಿ ಆರಿಸಿದರು. ಎಂ-5 ಅನ್ನುವುದೂ ಅದನ್ನೇ.

ಮೊದಲು, ಏನು ಬೇಕು ಅಂತ ಬರೆದಿಡಿ

‘ಒಳ್ಳೆ ತಳಿ’ ಅನ್ನುವ ಮಾತಿಗೆ ಅರ್ಥವಿಲ್ಲ. ಯಾರಿಗೆ ಒಳ್ಳೆಯದು, ಯಾವ ಹೊಲಕ್ಕೆ ಒಳ್ಳೆಯದು ಅಂತ ಕೇಳಿಕೊಳ್ಳಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ 1961ರಿಂದ ಕೆಲಸ ಮಾಡುತ್ತಿದೆ. ಅಲ್ಲಿಂದ ಬಂದ ತಳಿಗಳ ಪಟ್ಟಿ ನೋಡಿದರೆ ಒಂದೊಂದರ ಹಿಂದೆಯೂ ಒಂದೊಂದು ತಾಪತ್ರಯ ಕಾಣುತ್ತದೆ. ನೀರಿರುವ ತೋಟಕ್ಕೆ ವಿ-1, ಮಳೆಯಾಶ್ರಯಕ್ಕೆ ಎಸ್-13, ಎಸ್-34, ತೆಂಗಿನ ತೋಟದ ನೆರಳಿಗೆ ಸಹನಾ, ಕ್ಷಾರ ಮಣ್ಣಿಗೆ ಎಆರ್-12, ಚಾಕಿ, ಅಂದರೆ ಮರಿ ಹುಳುವಿನ ಎಳೆ ಸೊಪ್ಪಿಗೆ ಜಿ-2.

1997ರಲ್ಲಿ ಬಂದ ವಿ-1, ಎಸ್-30 ಮತ್ತು ಪಶ್ಚಿಮ ಬಂಗಾಳದ ಬೆರ್ಹಾಂಪುರದ ಸಿ-776 ಕೂಡಿಸಿದ್ದರಿಂದ ಹುಟ್ಟಿದ್ದು. ಹೆಕ್ಟೇರಿಗೆ ವರ್ಷಕ್ಕೆ 60ರಿಂದ 70 ಟನ್ ಸೊಪ್ಪು ಕೊಡುತ್ತದೆ ಅನ್ನುವುದು ಅದರ ಹೆಸರು. ಕಣ್ವ-2ರ ಸುಮಾರು ಎರಡು ಪಟ್ಟು. ಆದರೆ ಆ ಲೆಕ್ಕದ ಬೆನ್ನಿಗೇ ಇನ್ನೊಂದು ಲೆಕ್ಕವಿದೆ. ಅದಕ್ಕೆ ಶಿಫಾರಸು ಮಾಡಿರುವುದು ವರ್ಷಕ್ಕೆ ಹೆಕ್ಟೇರಿಗೆ 350 ಕೆ.ಜಿ. ಸಾರಜನಕ, 140 ರಂಜಕ, 140 ಪೊಟ್ಯಾಷ್. ಜೊತೆಗೆ ಕೊಟ್ಟಿಗೆ ಗೊಬ್ಬರ, ನೀರು. ನಿಮ್ಮ ಬೋರ್‌ವೆಲ್ ಮಾರ್ಚಿಗೆ ಕೈಕೊಡುತ್ತದೆ ಅಂದರೆ 70 ಟನ್ನಿನ ಗಿಡ ಹುಡುಕಿ ಏನು ಮಾಡುತ್ತೀರಿ? ಏಪ್ರಿಲ್‌ನಲ್ಲೂ ಎಲೆ ಬಾಡಿಸದ ಗಿಡ ನಿಮಗೆ ಬೇಕು.

ಎರಡೇ ಎರಡು ಮುಖ್ಯ ಗುಣ ಬರೆದುಕೊಳ್ಳಿ, ಮೂರನೆಯದು ಬೇಡ. ಗುಣ ಜಾಸ್ತಿ ಸೇರಿಸಿದಷ್ಟೂ ಎಲ್ಲದರಲ್ಲೂ ಪಾಸಾಗುವ ಗಿಡ ಸಿಗುವುದು ಕಷ್ಟ. ನಾನು ಮೊದಲು ಒಂಬತ್ತು ಗುಣ ಬರೆದಿದ್ದೆ. ಹೆಣ್ಣು ಹುಡುಕಲು ಹೊರಟವನ ಪಟ್ಟಿಯ ಹಾಗಿತ್ತು.

ವೈವಿಧ್ಯ ಎಲ್ಲಿಂದ ತರುವುದು

ಆರಿಸಬೇಕಾದರೆ ಆರಿಸಲು ಬೇರೆ ಬೇರೆ ಥರದವು ಇರಬೇಕು, ಅಲ್ವಾ? ಅದಕ್ಕೆ ನಾಲ್ಕು ದಾರಿ.

ಸುಲಭದ್ದು, ತಾನಾಗೇ ಕಟ್ಟಿದ ಹಣ್ಣಿನ ಬೀಜ. ತಾಯಿ ಗೊತ್ತು, ತಂದೆ ಗೊತ್ತಿಲ್ಲ. ಎರಡನೆಯದು ಬೇಕಾದ ಗಂಡು, ಹೆಣ್ಣು ಗೊತ್ತುಮಾಡಿ ಕೂಡಿಸುವುದು. ಮೂರನೆಯದು ರಾಸಾಯನಿಕ ಅಥವಾ ವಿಕಿರಣದಿಂದ ಗುಣ ಬದಲಾಯಿಸುವುದು. ಎಸ್-36, ಎಸ್-54 ತಳಿಗಳು ಬೆರ್ಹಾಂಪುರ ಲೋಕಲ್‌ಗೆ ರಾಸಾಯನಿಕ ಉಪಚಾರ ಮಾಡಿ ಪಡೆದವು. ನಾಲ್ಕನೆಯದು ಕ್ರೋಮೋಸೋಮ್ ಕಂತೆ ಹೆಚ್ಚಿಸುವುದು.

ಈ ನಾಲ್ಕನೆಯದರ ಬಗ್ಗೆ ಎರಡು ಮಾತು. ನಮ್ಮ ಸಾಮಾನ್ಯ ತಳಿಗಳಲ್ಲಿ 28 ಕ್ರೋಮೋಸೋಮ್ ಇರುತ್ತವೆ, ಅಂದರೆ 14ರ ಎರಡು ಕಂತೆ. ಕಾಲ್ಚಿಸಿನ್ ಅನ್ನುವ ವಸ್ತುವನ್ನು ಕುಡಿಮೊಗ್ಗಿಗೆ ಹಾಕಿ ಅದನ್ನು 56 ಮಾಡಬಹುದು. 56ರ ಗಿಡವನ್ನು 28ರದ್ದರ ಜೊತೆ ಕೂಡಿಸಿದರೆ 42ರ ಸಸಿ ಹುಟ್ಟುತ್ತವೆ. ಇಂಥವುಗಳಲ್ಲಿ ಎಲೆ ದಪ್ಪ, ಬೆಳವಣಿಗೆ ಜೋರು, ಬೀಜ ಕಟ್ಟುವುದು ಕಡಿಮೆ. ಬಂಗಾಳದಲ್ಲಿ ಹೆಸರು ಮಾಡಿದ ಎಸ್-1635 ಈ ಜಾತಿಯದು. ಕಪ್ಪು ಹಿಪ್ಪುನೇರಳೆಯಲ್ಲಂತೂ ಪ್ರಕೃತಿಯೇ 308 ಕ್ರೋಮೋಸೋಮ್ ಪೇರಿಸಿಟ್ಟಿದೆ. ಆದರೆ ಕಾಲ್ಚಿಸಿನ್ ಘೋರ ವಿಷ. ಅದು ಪ್ರಯೋಗಾಲಯದವರ ಕೆಲಸ, ಹೊಲದಲ್ಲಿ ಬೇಡವೇ ಬೇಡ.

ಹೊಸೂರಿನಲ್ಲಿ ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂಗ್ರಹ ಕೇಂದ್ರವಿದೆ. ದೇಶ ವಿದೇಶದ 1,200ಕ್ಕೂ ಹೆಚ್ಚು ಹಿಪ್ಪುನೇರಳೆ ಮಾದರಿಗಳನ್ನು ಅಲ್ಲಿ ನೆಟ್ಟು ಕಾಪಾಡುತ್ತಿದ್ದಾರೆ. ಓದುವ ಮಕ್ಕಳು ಒಮ್ಮೆ ನೋಡಿ ಬರಬೇಕು. ‘ಹಿಪ್ಪುನೇರಳೆ ಅಂದರೆ ಹೀಗಿರುತ್ತೆ’ ಅಂತ ನಮ್ಮ ತಲೆಯಲ್ಲಿರುವ ಚಿತ್ರ ಅಲ್ಲಿ ಚೂರಾಗುತ್ತದೆ.

ರೈತರಿಗೆ ಮೊದಲ ಎರಡು ದಾರಿ ಸಾಕು.

ಹೂವಿಗೆ ಚೀಲ ಕಟ್ಟುವ ಕೆಲಸ

ತಂದೆ, ತಾಯಿ ಆರಿಸುವಾಗ ಒಂದು ಮಾತು ನೆನಪಿಡಿ: ಒಂದರ ಕೊರತೆಯನ್ನು ಇನ್ನೊಂದು ತುಂಬಬೇಕು. ಸೊಪ್ಪು ಜಾಸ್ತಿ ಕೊಡುವುದು ಒಂದು, ಬರಕ್ಕೆ ಜಗ್ಗದ್ದು ಇನ್ನೊಂದು. ಅಕ್ಕತಂಗಿಯಂಥ ತಳಿಗಳನ್ನೇ ಕೂಡಿಸಿದರೆ ಸಸಿಗಳಲ್ಲಿ ವ್ಯತ್ಯಾಸ ಕಡಿಮೆ, ಆರಿಸಲು ಏನೂ ಉಳಿಯುವುದಿಲ್ಲ.

ಚಳಿಗಾಲದಲ್ಲಿ ಬುಡ ಸವರಿದ ಮೇಲೆ ಹೊಸ ಚಿಗುರಿನ ಜೊತೆಗೇ ಹೂಗೊಂಚಲು ಬರುತ್ತವೆ. ಹೆಣ್ಣು ಹೂ ಅರಳುವ ಮೊದಲೇ ಆ ರೆಂಬೆಗೆ ಬಟರ್ ಪೇಪರ್ ಚೀಲವನ್ನೋ, ನೇಯ್ಗೆ ಒತ್ತಾಗಿರುವ ತೆಳು ಬಟ್ಟೆಯನ್ನೋ ಕಟ್ಟಿ. ನಾನು ಮದುವೆ ಕಾರ್ಡಿನ ಜೊತೆ ಬರುವ ಬಟರ್ ಪೇಪರ್ ಬಳಸಿದ್ದೆ. ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು, ‘ಏನಣ್ಣೋ, ಹೂವಿಗೂ ಮಾಸ್ಕ್ ಹಾಕ್ಬಿಟ್ಟಿದ್ದೀಯಾ?’ ಅಂತ ಕೇಳಿದರು.

ಹೆಣ್ಣು ಹೂವಿನ ತುದಿಯಲ್ಲಿ ಬಿಳಿಯ ಎರಡು ಕವಲು, ನವಿರಾದ ರೋಮದಂತೆ, ಅಗಲವಾಗಿ ತೆರೆದುಕೊಂಡಾಗ ಪರಾಗ ಹಿಡಿಯಲು ಸಿದ್ಧ ಅಂತ ಅರ್ಥ. ಅವತ್ತು ಬೆಳಿಗ್ಗೆ ಗಂಡು ಗೊಂಚಲನ್ನು ಕಾಗದದ ಮೇಲೆ ತಟ್ಟಿದರೆ ಹಳದಿ ಪುಡಿ ಉದುರುತ್ತದೆ. ಮೆತ್ತನೆ ಕುಂಚದಲ್ಲಿ ಅದನ್ನು ಹೆಣ್ಣು ಹೂವಿಗೆ ಸವರಿ, ಚೀಲ ಮತ್ತೆ ಕಟ್ಟಿ. ಎರಡು ಮೂರು ದಿನ ಹೀಗೇ ಮಾಡಿ. ಬಿಳಿ ಕವಲು ಒಣಗಿ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಚೀಲ ಬಿಚ್ಚಬಹುದು. ಆದರೆ ಹಣ್ಣು ಕೆಂಪಾಗುವ ಹೊತ್ತಿಗೆ ಬಲೆ ಹಾಕಲು ಮರೆಯಬೇಡಿ. ಪಿಕಳಾರಗಳಿಗೆ ನಿಮ್ಮ ಪ್ರಯೋಗದ ಮೇಲೆ ಗೌರವವಿಲ್ಲ.

ಬೀಜ, ಸಸಿ

ಪೂರ್ತಿ ಮಾಗಿದ ಹಣ್ಣನ್ನು ನೀರಲ್ಲಿ ಹಿಸುಕಿ. ತಿರುಳು, ಜೊಳ್ಳು ತೇಲುತ್ತವೆ, ಗಟ್ಟಿ ಬೀಜ ಮುಳುಗುತ್ತದೆ. ಮುಳುಗಿದ್ದನ್ನು ತೊಳೆದು ನೆರಳಲ್ಲಿ ಒಣಗಿಸಿ. ಹೆಚ್ಚುಕಡಿಮೆ ರಾಗಿ ಕಾಳಿನಷ್ಟಿರುತ್ತದೆ. ಡಬ್ಬದಲ್ಲಿಟ್ಟು ಮರೆತರೆ ಮೊಳಕೆ ಬೇಗ ಸಾಯುತ್ತದೆ, ಆದ್ದರಿಂದ ಆಗಲೇ ಬಿತ್ತುವುದು ಮೇಲು. ಮರಳು ಬೆರೆಸಿ ಮಡಿಯಲ್ಲಿ ತೆಳ್ಳಗೆ ಬಿತ್ತಿ, ಮೇಲೆ ಜರಡಿ ಹಿಡಿದ ಗೊಬ್ಬರ ಉದುರಿಸಿ, ಹುಲ್ಲು ಮುಚ್ಚಿ. ನೀರು ಪೂವಾಳಿಯಲ್ಲೇ ಹಾಕಬೇಕು. ಪೈಪ್ ಹಿಡಿದರೆ ಬೀಜವೆಲ್ಲ ಮಡಿಯ ಅಂಚಿಗೆ ಹೋಗಿ ಕೂರುತ್ತದೆ. ಸಸಿ ಗೇಣುದ್ದ ಆದಾಗ ಪಾಲಿಥೀನ್ ಚೀಲಕ್ಕೆ, ಅಲ್ಲಿಂದ ಹೊಲಕ್ಕೆ.

ಹೊಲದಲ್ಲಿ ನೆಡುವಾಗ ಒಂದು ಕೆಲಸ ತಪ್ಪದೇ ಮಾಡಿ. ಪ್ರತಿ ಹತ್ತು ಸಸಿಗೆ ಒಂದರಂತೆ ನಿಮ್ಮಲ್ಲಿ ಈಗಾಗಲೇ ಇರುವ ತಳಿಯ, ಅಷ್ಟೇ ವಯಸ್ಸಿನ ಕಡ್ಡಿಗಿಡ ನೆಡಿ. ವಿ-1 ಅಥವಾ ಕಣ್ವ-2, ಯಾವುದಾದರೂ ಸರಿ. ಇದನ್ನು ತಾಳೆಗಿಡ ಅನ್ನೋಣ, ತಾಳೆ ನೋಡಲು ಇಟ್ಟಿದ್ದು. ನಾನು ಮೊದಲ ಸಲ ಇದನ್ನು ಮಾಡಿದ್ದರೆ ತಿಪ್ಪೆ ಪಕ್ಕದ ಕಥೆ ಆಗುತ್ತಲೇ ಇರಲಿಲ್ಲ. ಆ ಮೂಲೆಯ ತಾಳೆಗಿಡವೂ ಕೊಬ್ಬಿರುತ್ತಿತ್ತು, ಗುಟ್ಟು ಅಲ್ಲೇ ರಟ್ಟಾಗುತ್ತಿತ್ತು.

ಅವಸರದ ಕಣ್ಣಿಗೆ ಕಡಿವಾಣ

ಎಳೆ ಸಸಿಯಲ್ಲಿ ಎಲೆ ಸೀಳಿರುವುದು ಸಾಮಾನ್ಯ. ಬೆಳೆದ ಮೇಲೆ ಅದೇ ಗಿಡ ಅಖಂಡ ಎಲೆ ಬಿಡಬಹುದು. ಆರು ತಿಂಗಳ ಸಸಿಯ ಎಲೆ ನೋಡಿ ಕಿತ್ತೆಸೆಯಬೇಡಿ. ಮೊದಲ ವರ್ಷ ಕೀಳಬೇಕಾದ್ದು ಕುಬ್ಜವಾದವು, ರೋಗ ಹಿಡಿದು ಬೆತ್ತಲಾದವು, ನೆಲಕ್ಕೆ ಹರಡಿ ಬಿದ್ದವು, ಇಷ್ಟನ್ನೇ.

ಮೊದಲ ಸಲ ಬುಡ ಸವರಿದ ಮೇಲೆ ನಿಜವಾದ ನೋಟ ಶುರು. ಸವರಿ ಎಷ್ಟು ದಿನಕ್ಕೆ ಚಿಗುರಿತು? ಎಷ್ಟು ಕಡ್ಡಿ ಎದ್ದವು? ಎರಡು ಎಲೆಗಳ ನಡುವಿನ ಗೆಣ್ಣು ಎಷ್ಟು ಉದ್ದ? ಗೆಣ್ಣು ಗಿಡ್ಡವಿದ್ದರೆ ಒಂದೇ ಕಡ್ಡಿಯಲ್ಲಿ ಎಲೆ ಜಾಸ್ತಿ. ಕಟಾವಿನ ಹೊತ್ತಿಗೆ ಬುಡದ ಎಲೆ ಹಣ್ಣಾಗಿ ಉದುರಿದೆಯಾ, ಇನ್ನೂ ಹಸಿರಿದೆಯಾ? ಇದನ್ನೆಲ್ಲ ಕಡ್ಡಿ ಕೊಯ್ಯುವ ಮೊದಲೇ ಬರೆದುಕೊಳ್ಳಬೇಕು. ಕೊಯ್ದು ಹೊರೆ ಕಟ್ಟಿದ ಮೇಲೆ ಎಲ್ಲವೂ ಸೊಪ್ಪೇ.

ಮಣ್ಣಿನ ಪಾಲು ಕಳೆಯುವುದು

ಈಗ ಬಂತು ನೋಡಿ ಅಸಲಿ ವಿಷಯ. ತಾಳೆಗಿಡಗಳು ಒಂದೇ ಗಿಡದ ತುಂಡುಗಳು, ಹುಟ್ಟುಗುಣದಲ್ಲಿ ಅವುಗಳ ನಡುವೆ ವ್ಯತ್ಯಾಸವೇ ಇಲ್ಲ. ಆದರೂ ಕಟಾವು ಮಾಡಿ ತೂಗಿದರೆ ಒಂದರಲ್ಲಿ 600 ಗ್ರಾಂ ಸೊಪ್ಪು, ಇನ್ನೊಂದರಲ್ಲಿ 900 ಗ್ರಾಂ. ಆ ವ್ಯತ್ಯಾಸ ಎಲ್ಲಿಂದ ಬಂತು? ಪೂರ್ತಿ ಮಣ್ಣು, ನೀರು, ನೆರಳಿನಿಂದ. ಬೀಜದ ಸಸಿಗಳಲ್ಲಿ ಕಾಣುವ ವ್ಯತ್ಯಾಸದಲ್ಲಿ ಮಣ್ಣಿನ ಪಾಲೂ ಇದೆ, ಹುಟ್ಟಿನ ಪಾಲೂ ಇದೆ. ಸಸಿಗಳ ವ್ಯತ್ಯಾಸದಿಂದ ತಾಳೆಗಿಡಗಳ ವ್ಯತ್ಯಾಸವನ್ನು ಕಳೆದರೆ ಉಳಿಯುವುದು ಹುಟ್ಟುಗುಣ.

ಲೆಕ್ಕ ಹೀಗೆ. ಸರಾಸರಿಯಿಂದ ತೂಕಗಳು ಎಷ್ಟು ಚೆಲ್ಲಾಡಿವೆ ಅನ್ನುವುದಕ್ಕೆ ವೇರಿಯನ್ಸ್ ಅನ್ನುತ್ತಾರೆ. ಎಕ್ಸೆಲ್‌ನಲ್ಲಿ ತೂಕಗಳನ್ನು ಸಾಲಾಗಿ ತುಂಬಿದರೆ ಅದೇ ಹಾಕಿಕೊಡುತ್ತದೆ. ಮಾತಿಗೆ, ಸಸಿಗಳ ವೇರಿಯನ್ಸ್ 30,000, ತಾಳೆಗಿಡಗಳದು 12,000 ಅಂತಿಟ್ಟುಕೊಳ್ಳಿ. ಕಳೆದರೆ 18,000. ಅದು 30,000ದಲ್ಲಿ ನೂರಕ್ಕೆ 60 ಪಾಲು. ಇದಕ್ಕೆ ಪುಸ್ತಕದಲ್ಲಿ ಅನುವಂಶೀಯತೆ ಅನ್ನುವ ದೊಡ್ಡ ಹೆಸರಿದೆ.

ಇದರಿಂದ ಏನು ಪ್ರಯೋಜನ? ಸಸಿಗಳ ಸರಾಸರಿ 700 ಗ್ರಾಂ ಇದ್ದು, ನಿಮ್ಮ ಮೆಚ್ಚಿನ ಗಿಡ 1,200 ಗ್ರಾಂ ಕೊಟ್ಟಿತು ಅನ್ನಿ. 500 ಗ್ರಾಂ ಹೆಚ್ಚು. ಅದರ ಕಡ್ಡಿ ನೆಟ್ಟರೆ ಅಷ್ಟೂ ಬರುತ್ತದೆ ಅಂತ ಕನಸು ಕಾಣಬೇಡಿ. 500ರಲ್ಲಿ ನೂರಕ್ಕೆ 60, ಅಂದರೆ 300 ಗ್ರಾಂ ಬರಬಹುದು ಅನ್ನುವುದು ನ್ಯಾಯವಾದ ನಿರೀಕ್ಷೆ. ಉಳಿದ 200 ಆ ಜಾಗದ್ದು, ಅಲ್ಲೇ ಉಳಿಯುತ್ತದೆ. ಪಾಲು ನೂರಕ್ಕೆ 20 ಅಂತ ಬಂದರೆ ಒಂದೊಂದೇ ಗಿಡ ನೋಡಿ ಆರಿಸುವುದು ಲಾಟರಿ. ಆಗ ಸುಮಾರಾಗಿ ಚೆನ್ನಾಗಿರುವ ಹದಿನೈದು ಇಪ್ಪತ್ತು ಗಿಡ ಇಟ್ಟುಕೊಂಡು ಮುಂದಿನ ಹಂತದಲ್ಲಿ ಜಾಲಿಸಬೇಕು.

ಗುಣದಿಂದ ಗುಣಕ್ಕೆ ಈ ಪಾಲು ಬದಲಾಗುತ್ತದೆ. ಎಲೆಯ ಆಕಾರ ಯಾವ ಮಣ್ಣಲ್ಲಿ ನೆಟ್ಟರೂ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಸೊಪ್ಪಿನ ತೂಕ ಹಾಗಲ್ಲ. ಕಡ್ಡಿ ಎಷ್ಟು, ಉದ್ದ ಎಷ್ಟು, ಎಲೆ ಎಷ್ಟು, ದಪ್ಪ ಎಷ್ಟು ಅನ್ನುವುದೆಲ್ಲ ಸೇರಿ ಬಂದ ಮೊತ್ತ ಅದು. ಆ ಒಂದೊಂದರ ಮೇಲೂ ಮಣ್ಣಿನ ಕೈವಾಡ ಇರುತ್ತದೆ.

ಕಡ್ಡಿ ಬೇರು ಬಿಡಬೇಕು

ಎಷ್ಟೇ ಚೆಂದದ ಗಿಡವಾದರೂ ಕಡ್ಡಿ ಬೇರು ಬಿಡದಿದ್ದರೆ ರೈತನಿಗೆ ಕೆಲಸಕ್ಕೆ ಬಾರದು. ಆರರಿಂದ ಎಂಟು ತಿಂಗಳ ಕಡ್ಡಿಯಲ್ಲಿ ಪೆನ್ಸಿಲ್ ದಪ್ಪದ, 15ರಿಂದ 20 ಸೆಂ.ಮೀ. ಉದ್ದದ, ಮೂರು ನಾಲ್ಕು ಕಣ್ಣಿರುವ ತುಂಡು ಮಾಡಿ. ಪ್ರತಿ ಗಿಡದ 50 ತುಂಡನ್ನು ನರ್ಸರಿ ಮಡಿಯಲ್ಲಿ ನೆಡಿ. ಪಕ್ಕದಲ್ಲೇ ತಾಳೆ ತಳಿಯದ್ದೂ 50 ಇರಲಿ.

ಹತ್ತು ಹದಿನೈದು ದಿನಕ್ಕೆ ಎಲ್ಲ ಕಡ್ಡಿಯೂ ಹಸಿರು ಕಣ್ಣು ಬಿಡುತ್ತವೆ. ಖುಷಿಪಡಬೇಡಿ. ಅದು ಕಡ್ಡಿಯೊಳಗೆ ಕೂಡಿಟ್ಟ ಆಹಾರದಲ್ಲಿ ಬಂದ ಚಿಗುರು, ಬೇರು ಇನ್ನೂ ಇರುವುದಿಲ್ಲ. ಬೇರು ಬಿಡದ್ದು ತಿಂಗಳಲ್ಲಿ ಬಾಡಿ ಕಪ್ಪಾಗುತ್ತದೆ. ಮೂರು ತಿಂಗಳಿಗೆ ಮಣ್ಣು ಸಡಿಲಿಸಿ ಕಿತ್ತು, ಬೇರಿದ್ದವನ್ನು ಎಣಿಸಿ. ವಿ-1ರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಬೇರು ಬಿಡುತ್ತವೆ. ನೂರಕ್ಕೆ 80ರ ಒಳಗೆ ಬಂದರೆ ನಾನು ಆ ಗಿಡ ಕೈಬಿಡುತ್ತೇನೆ. ಮನಸ್ಸಿಗೆ ನೋವಾದರೂ ಸರಿಯೇ.

ಐದು ಗುಂಟೆಯ ಪಂದ್ಯ

ಇಲ್ಲಿಯ ತನಕ ದಾಟಿ ಬಂದ ಐದು ಗಿಡ ಇವೆ ಅಂತ ಇಟ್ಟುಕೊಳ್ಳಿ. ತಾಳೆ ತಳಿ ಸೇರಿ ಆರು. ಪ್ರತಿಯೊಂದಕ್ಕೂ ಐದು ಸಾಲು, ಸಾಲಿಗೆ ಐದು ಗಿಡ, ಒಟ್ಟು 25 ಗಿಡದ ತಾಕು. ಮೂರಡಿಗೆ ಮೂರಡಿ ಅಂತರದಲ್ಲಿ ಒಂದು ತಾಕಿಗೆ 225 ಚದರಡಿ. ಆರು ತಾಕುಗಳ ಗುಂಪನ್ನು ಹೊಲದ ನಾಲ್ಕು ಕಡೆ ಮತ್ತೆ ಮತ್ತೆ ಹಾಕಬೇಕು. ಒಟ್ಟು 24 ತಾಕು, 600 ಗಿಡ, 5,400 ಚದರಡಿ. ಸರಿಸುಮಾರು ಐದು ಗುಂಟೆ.

ಪ್ರತಿ ಗುಂಪಿನಲ್ಲೂ ಯಾವ ತಾಕು ಎಲ್ಲಿ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿ. ನಾವೇ ಜಾಗ ಗೊತ್ತುಮಾಡಿದರೆ ಮೆಚ್ಚಿನದಕ್ಕೆ ಗೊತ್ತಿಲ್ಲದೇ ಒಳ್ಳೆ ಜಾಗ ಕೊಟ್ಟುಬಿಡುತ್ತೇವೆ. ಇಳಿಜಾರು ಹೊಲವಾದರೆ ಒಂದು ಗುಂಪು ಪೂರ್ತಿ ಮೇಲೆ, ಒಂದು ಪೂರ್ತಿ ಕೆಳಗೆ ಬರಲಿ. ಅಳೆಯುವಾಗ ಅಂಚಿನ ಗಿಡ ಬಿಟ್ಟು ನಡುವಿನ ಒಂಬತ್ತನ್ನು ಮಾತ್ರ ತೂಗಿ. ಅಂಚಿನವಕ್ಕೆ ಬಿಸಿಲು ಜಾಸ್ತಿ, ಪಕ್ಕದ ತಾಕಿನ ಗೊಬ್ಬರಕ್ಕೂ ಬಾಯಿ ಹಾಕುತ್ತವೆ.

ಮೊದಲ ವರ್ಷ ಗಿಡ ಕೂರಲು ಬಿಡಿ. ಎರಡನೇ ವರ್ಷದಿಂದ ಪ್ರತಿ ಕಟಾವಿಗೂ ಕಡ್ಡಿ ಬೇರೆ, ಸೊಪ್ಪು ಬೇರೆ ತೂಗಿ. ವರ್ಷಕ್ಕೆ ಐದು ಕಟಾವು ಅಂದರೆ ಎರಡು ವರ್ಷಕ್ಕೆ ಹತ್ತು. ಬೇಸಿಗೆಯ ಕಟಾವನ್ನು ಪ್ರತ್ಯೇಕವಾಗಿ ನೋಡಿ. ಮಳೆಗಾಲದಲ್ಲಿ ಎಲ್ಲವೂ ಜಾಣ ಮಕ್ಕಳೇ.

ಎಲೆಯಲ್ಲಿ ನೀರು ನಿಲ್ಲುತ್ತದೆಯಾ

ಬೆಳಿಗ್ಗೆ ಕೊಯ್ದ ಸೊಪ್ಪನ್ನು ಮಧ್ಯಾಹ್ನದ ತನಕ ಇಟ್ಟು ಹಾಕುತ್ತೇವೆ. ಅಷ್ಟರಲ್ಲಿ ಬಾಡಿದರೆ ಹುಳು ಮೂಸಿಯೂ ನೋಡುವುದಿಲ್ಲ. ಪರೀಕ್ಷೆ ಸುಲಭ. ಕಡ್ಡಿಯ ಒಂದೇ ಮಟ್ಟದ ಎಲೆ ಕಿತ್ತು 100 ಗ್ರಾಂ ತೂಗಿ, ನೆರಳಲ್ಲಿ ಹರಡಿ. ಆರು ಗಂಟೆ ಬಿಟ್ಟು ಮತ್ತೆ ತೂಗಿ. ಆಮೇಲೆ ಗರಿಗರಿ ಆಗುವಷ್ಟು ಪೂರ್ತಿ ಒಣಗಿಸಿ, ತೂಕ ಇಳಿಯುವುದು ನಿಂತ ಮೇಲೆ ಮೂರನೇ ಸಲ ತೂಗಿ.

100 ಗ್ರಾಂ ಎಲೆ ಆರು ಗಂಟೆಗೆ 82, ಒಣಗಿದ ಮೇಲೆ 24 ಗ್ರಾಂ ಬಂತು ಅನ್ನಿ. ಎಲೆಯಲ್ಲಿದ್ದ ನೀರು 76. ಆರು ಗಂಟೆಯ ನಂತರ ಉಳಿದ ನೀರು 58. ಅಂದರೆ ನೂರಕ್ಕೆ 76 ಪಾಲು ನೀರು ಹಿಡಿದಿಟ್ಟುಕೊಂಡಿದೆ. ತಾಳೆ ತಳಿಗೂ ಅದೇ ದಿನ, ಅದೇ ಹೊತ್ತಿಗೆ ಮಾಡಿ. ಮೋಡದ ದಿನದ ಲೆಕ್ಕವನ್ನು ಬಿಸಿಲ ದಿನದ ಜೊತೆ ಹೋಲಿಸಿದರೆ ಸುಮ್ನೆ ಕಾಗದ ದಂಡ.

ರೋಗದ ಮಾತು ಬೇಗ ಮುಗಿಸುತ್ತೇನೆ. ಮಳೆಗಾಲದಲ್ಲಿ ಎಲೆಚುಕ್ಕೆ, ಚಳಿಯಲ್ಲಿ ಬೂದಿ ರೋಗ ಮತ್ತು ತುಕ್ಕು. ಪಂದ್ಯದ ತಾಕಿಗೆ ಔಷಧಿ ಹೊಡೆಯಬೇಡಿ, ಯಾವುದು ತಡೆಯುತ್ತದೆ ಅಂತ ತಾನಾಗೇ ಕಾಣಲಿ. ಬೇರುಗಂಟು ರೋಗ ಇರುವ ಮಣ್ಣಿನಲ್ಲಿ ಐದಾರು ಕುಂಡ ತುಂಬಿ, ಪ್ರತಿ ತಳಿಯ ಸಸಿ ನೆಟ್ಟು, ಕೆಲವು ತಿಂಗಳು ಬಿಟ್ಟು ಬೇರು ತೊಳೆದು ನೋಡಿ. ತುಕ್ರಾ ಅನ್ನುವ ಎಲೆ ಮುರುಟು ತರುವ ಹಿಟ್ಟು ತಿಗಣೆ ಎಲ್ಲ ಗಿಡಕ್ಕೂ ಬರುತ್ತದೆ. ಅದರ ಮೇಲೆ ಆಯ್ಕೆ ಮಾಡಲು ಹೋಗಿ ನಾನು ಒಂದು ವರ್ಷ ಕಳೆದುಕೊಂಡೆ.

ತೀರ್ಪು ಕೊಡುವುದು ಹುಳು

ಸೊಪ್ಪು ತೂಗಿ ಗೆದ್ದದ್ದು ಹುಳು ಗೂಡು ಕಟ್ಟುವ ಚಂದ್ರಿಕೆಯಲ್ಲಿ ಸೋಲಬಹುದು. ಮೂರನೇ ಜ್ವರ (ಪೊರೆ ಕಳಚುವ ಹಂತ) ಎದ್ದ ಹುಳುಗಳನ್ನು, ಒಂದೇ ಚಾಕಿಯವನ್ನು, ತಟ್ಟೆಗೆ 100ರಂತೆ ಎಣಿಸಿ. ಪ್ರತಿ ತಳಿಗೆ ಮೂರು ತಟ್ಟೆ. ಅಲ್ಲಿಂದ ಮುಂದೆ ಒಂದೊಂದಕ್ಕೂ ಅದದೇ ತಳಿಯ ಸೊಪ್ಪು. ಹುಳು ತನ್ನ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗೂ ಹೆಚ್ಚು ಐದನೇ ಹಂತದಲ್ಲೇ, ಅಂದರೆ ನಾಲ್ಕನೇ ಜ್ವರದ ನಂತರ, ತಿನ್ನುತ್ತದೆ. ಹಾಗಾಗಿ ಪರೀಕ್ಷೆಯ ಮುಖ್ಯ ಭಾಗ ಆ ಒಂದು ವಾರವೇ.

ತಟ್ಟೆಯಲ್ಲಿ ಉಳಿದ ಸೊಪ್ಪು ನೋಡಿ. ನರ ಮಾತ್ರ ಬಿಟ್ಟಿವೆಯಾ, ಅರ್ಧ ಎಲೆ ಹಾಗೇ ಇದೆಯಾ? ಹುಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾಗಲು ಎಷ್ಟು ದಿನ ಹಿಡಿಯಿತು, ನೂರರಲ್ಲಿ ಎಷ್ಟು ಗೂಡು ಕಟ್ಟಿದವು ಅಂತ ಬರೆಯಿರಿ. ಗೂಡು ಬಿಡಿಸಿದ ಮೇಲೆ ಕತ್ತರಿಸಿ ಒಳಗಿನ ಕೋಶ (ಪ್ಯೂಪಾ) ತೆಗೆದು ಚಿಪ್ಪಿನ ತೂಕ ನೋಡಿ. ಗೂಡು 1.8 ಗ್ರಾಂ, ಚಿಪ್ಪು 0.36 ಗ್ರಾಂ ಇದ್ದರೆ ಚಿಪ್ಪಿನ ಪಾಲು ನೂರಕ್ಕೆ 20. ಇಲ್ಲೊಂದು ಬಲೆ ಇದೆ. ಹೆಣ್ಣು ಗೂಡು ತೂಕ ಜಾಸ್ತಿ, ಆದರೆ ಚಿಪ್ಪಿನ ಪಾಲು ಕಡಿಮೆ. ಕೈಗೆ ಸಿಕ್ಕ ಹತ್ತು ಗೂಡು ತೂಗಿದರೆ ಲೆಕ್ಕ ತಪ್ಪುತ್ತದೆ. ಪ್ರತಿ ತಟ್ಟೆಯಿಂದ ಹತ್ತು ಗಂಡು, ಹತ್ತು ಹೆಣ್ಣು ಅಂತ ಸಮವಾಗಿ ತೆಗೆದುಕೊಳ್ಳಿ. ಒಂದು ಬೆಳೆಗೆ ನಂಬಬೇಡಿ, ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಮಾಡಿ.

ಎಷ್ಟು ವರ್ಷ, ಆಮೇಲೇನು

ಬೀಜ ಬಿತ್ತಿ ಇಲ್ಲಿಗೆ ಬರಲು ಆರೇಳು ವರ್ಷ ಬೇಕು. ಸಂಶೋಧನಾ ಸಂಸ್ಥೆಗಳಲ್ಲೂ ಒಂದು ತಳಿ ಹೊರಬರಲು ಹತ್ತು ಹದಿನೈದು ವರ್ಷ ಹಿಡಿಯುವುದುಂಟು. ಯಾಕೆಂದರೆ ಅಲ್ಲಿಯ ಪಂದ್ಯದ ನಂತರ ಬೇರೆ ಬೇರೆ ರಾಜ್ಯಗಳ ಮಣ್ಣಲ್ಲೂ ನೆಟ್ಟು ನೋಡಬೇಕು. 2013ರಲ್ಲಿ ಚೀನಾದ ಒಂದು ಕಾಡು ಹಿಪ್ಪುನೇರಳೆಯ ಜೀನೋಮ್ ಪೂರ್ತಿ ಓದಿದ ಮೇಲೆ, ಡಿಎನ್‌ಎ ಗುರುತು ಹಿಡಿದು ಸಸಿ ಹಂತದಲ್ಲೇ ಆರಿಸುವ ಕೆಲಸಕ್ಕೆ ಬಲ ಬಂದಿದೆ. ಅದು ಬಂದರೂ ತಕ್ಕಡಿ, ತಟ್ಟೆ ತಪ್ಪುವುದಿಲ್ಲ.

ನಿಮ್ಮ ಗಿಡ ಎರಡು ವರ್ಷ ತಾಳೆ ತಳಿಯನ್ನು ಮೀರಿಸಿದರೆ ಹತ್ತಿರದ ರೇಷ್ಮೆ ಸಂಶೋಧನಾ ಕೇಂದ್ರಕ್ಕೆ ನೋಟ್‌ಬುಕ್ ಸಮೇತ ಹೋಗಿ. ಗಿಡದ ಫೋಟೋಗಿಂತ ನಿಮ್ಮ ತೂಕದ ಪಟ್ಟಿಗೆ ಅಲ್ಲಿ ಬೆಲೆ. ಅಲ್ಲಿಯ ತನಕ ಊರಿನವರಿಗೆ ಕಡ್ಡಿ ಹಂಚಬೇಡಿ. ಒಬ್ಬರ ಮನೆಯ ಒಂದು ಬೆಳೆ ಹಾಳಾದರೆ ಸಾಕು, ಗಿಡದ ಹೆಸರೂ ನಿಮ್ಮ ಹೆಸರೂ ಒಟ್ಟಿಗೇ ಕೆಡುತ್ತದೆ.

ಕೊನೆಗೆ ಲೇಬಲ್ ವಿಷಯ. ಪ್ಲಾಸ್ಟಿಕ್ ಪಟ್ಟಿಯ ಮೇಲೆ ಮಾರ್ಕರ್‌ನಲ್ಲಿ ಬರೆದದ್ದು ಒಂದೇ ಬೇಸಿಗೆಗೆ ಅಳಿಸಿ ಹೋಗುತ್ತದೆ. ಸವರುವ ಆಳಿಗೆ ಪಟ್ಟಿ ಕಟ್ಟಿದ ಕಡ್ಡಿಯೂ ಒಂದೇ, ಕಟ್ಟದ್ದೂ ಒಂದೇ. ಅಲ್ಯುಮಿನಿಯಂ ತಗಡಿನ ತುಂಡಿಗೆ ಮೊಳೆಯಿಂದ ನಂಬರ್ ಕೊರೆದು, ಕಡ್ಡಿಗಲ್ಲ, ಬುಡದ ಪಕ್ಕ ಹೊಡೆದ ಗೂಟಕ್ಕೆ ಕಟ್ಟಿ. ತಾಕಿನ ನಕ್ಷೆಯನ್ನು ಎರಡು ಪ್ರತಿ ಬರೆದು, ಒಂದನ್ನು ಹುಳು ಮನೆಯಿಂದ ದೂರ ಬೇರೆ ಎಲ್ಲಾದರೂ ಇಡಿ. ಹುಳು ಮನೆ ತೊಳೆಯುವ ದಿನ ನನ್ನ ಮೊದಲ ನಕ್ಷೆ ಬ್ಲೀಚಿಂಗ್ ನೀರಲ್ಲಿ ನೆನೆದು ಬಿಳಿ ಹಾಳೆಯಾಗಿತ್ತು.